ಅಂಕೆ ಎಂಬ ಮಾತಿನ ಪೂರ್ವೋತ್ತರ

ರಾಜ್ಯೋತ್ಸವದ ಸಂಚಿಕೆಗೆ ಏನಾದರೊಂದು ಚರಿತ್ರೆಯ ವಿಷಯವನ್ನು ಬರೆದುಕೊಡಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಕದಂಬರಿಂದ ಮೊದಲ್ಗೊಂಡು ೧೯೫೬ರ ಏಕೀಕರಣದವರೆಗೆ, ಅಲ್ಲಿಂದ ೧೯೭೩ರಲ್ಲಿ ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರು ಪಡೆದವರೆಗೆ, ಬಲ್ಲವರು ಇಂಥ ಪುಟಗಳಲ್ಲಿ ಬಹಳ ಬರೆದಿದ್ದಾರೆ. ಅದರ ಮೇಲೆ ನಾನು ಹೇಳುವುದೇನಿದೆ? ಕುರ್ಲಾದ ಒಂದು ಚಾಳಿನಲ್ಲಿ ಹುಟ್ಟಿ, ಇಲ್ಲಿಯೇ ಬೆಳೆದು, ಇಲ್ಲಿಯೇ ತಲೆ ನರೆತವನು ನಾನು. ಆದರೆ ಅದೇ ವಾರ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯು ಈ ಲೇಖನಕ್ಕೆ ಕಾರಣವಾಯಿತು.

ನನ್ನ ಮೊಮ್ಮಗನು ಊಟಕ್ಕೆ ಕರೆದರೂ ಬಾರದೆ ಮೊಬೈಲು ಹಿಡಿದು ಕುಳಿತಿದ್ದನು. ನನ್ನ ಹೆಂಡತಿಗೆ ಸಿಟ್ಟು ಬಂದು, “ಈ ಹುಡುಗ ಯಾರ ಅಂಕೆಗೂ ಸಿಕ್ಕುವವನಲ್ಲ” ಎಂದಳು. ಹುಡುಗನು ತಲೆಯೆತ್ತದೆ ನನ್ನನ್ನು ಕೇಳಿದನು: “ಅಜ್ಜಯ್ಯ, ಅಂಕೆ ಅಂದರೆ ನಂಬರ್ ಅಲ್ವಾ? ನಾನು ಯಾವ ನಂಬರಿಗೆ ಸಿಕ್ಕಬೇಕು?” ಅವನು ಹಾಸ್ಯಕ್ಕೆ ಕೇಳಿದ್ದಲ್ಲ. ಒಂದು, ಎರಡು, ಮೂರು ಎಂದು ಕನ್ನಡದ ಅಂಕೆಗಳನ್ನು ಅವನಿಗೆ ಕಲಿಸಿದವಳೂ ಆ ಅಜ್ಜಿಯೇ. ಆ ಪದದ ಇನ್ನೊಂದು ಮುಖವನ್ನು ಮಾತ್ರ ನಾವು ಯಾರೂ ಅವನಿಗೆ ತೋರಿಸಿರಲಿಲ್ಲ.

ಹುಡುಗನ ಪ್ರಶ್ನೆಯಲ್ಲಿ ತಪ್ಪಿಲ್ಲ. ಕನ್ನಡದಲ್ಲಿ ಅಂಕೆಯೆಂದರೆ ಸಂಖ್ಯೆಯ ಗುರುತೂ ಹೌದು, ಹತೋಟಿಯೂ ಹೌದು. ಅಂಕೆಯಲ್ಲಿಡು, ಅಂಕೆ ಮೀರು, ಅಂಕೆ ತಪ್ಪು, ಅಂಕೆಗೆ ಒಳಪಡು ಎನ್ನುತ್ತೇವೆ. ಉತ್ತರ ಕರ್ನಾಟಕದ ಬಂಧುಗಳು ಲೆಕ್ಕದ ಗುರುತನ್ನು ಅಂಕಿ ಎನ್ನುತ್ತಾರೆ. ಸರಕಾರದ ವರದಿಗಳಲ್ಲಿ ಅದೇ ಅಂಕಿ ಅಂಶವಾಗುತ್ತದೆ. ಲೆಕ್ಕಕ್ಕೂ ಹತೋಟಿಗೂ ಒಂದೇ ಮಾತು ಹೇಗೆ ಬಂತು? ನಿಘಂಟುಗಳು ಅರ್ಥಗಳನ್ನು ಸಾಲಾಗಿ ಕೊಟ್ಟು ಸುಮ್ಮನಾಗುತ್ತವೆ. ಆ ಸಾಲಿನ ಹಿಂದೆ ಒಂದು ಚರಿತ್ರೆಯಿದೆ. ಅದರ ಕೊನೆಯ ಅಧ್ಯಾಯಗಳಲ್ಲಿ ಒಂದು ನಮ್ಮ ಈ ಕುರ್ಲಾದ ಗಲ್ಲಿಗಳಲ್ಲಿಯೇ ನಡೆದಿದೆ ಎಂದು ನನಗೆ ತೋರುತ್ತದೆ.

ಮೊದಲು ಅಂಕೆಯ ನೆರೆಹೊರೆಯನ್ನು ನೋಡೋಣ. ತಡೆದು ನಿಲ್ಲಿಸುವುದನ್ನು ಹೇಳುವ ನಮ್ಮ ಮಾತುಗಳನ್ನು ಒಂದೆಡೆ ಕೂಡಿಸಿದರೆ ದೊಡ್ಡದೊಂದು ಲಾಯವೇ ಕಣ್ಣ ಮುಂದೆ ನಿಲ್ಲುತ್ತದೆ! ಕಡಿವಾಣವು ಕುದುರೆಯ ಬಾಯಿಗೆ. ಪಾರಸಿಯಿಂದ ಬಂದ ಲಗಾಮೂ ಅಲ್ಲಿಗೇ. ಮೂಗುದಾರವು ಎತ್ತಿಗೆ, ಅಂಕುಶವು ಆನೆಗೆ. ಪಂಡಿತರ ಬಾಯಲ್ಲಿ ಬರುವ ಸಂಯಮ, ನಿಯಂತ್ರಣ ಎಂಬ ಗಂಭೀರವಾದ ಮಾತುಗಳನ್ನಾದರೂ ಬಿಡಿಸಿ ನೋಡಿರಿ. ಎರಡರ ಬುಡದಲ್ಲಿಯೂ ‘ಯಮ್’ ಎಂಬ ಧಾತುವಿದೆ. ಹಿಡಿ, ಬಿಗಿಹಿಡಿ ಎಂದು ಅದರ ಅರ್ಥ. ಸಾರಥಿಗೆ ಸಂಸ್ಕೃತದಲ್ಲಿ ‘ಯಂತಾ’ ಎಂದು ಹೆಸರಿರುವುದು ಅವನು ಹಗ್ಗ ಹಿಡಿಯುವವನಾದ್ದರಿಂದಲೇ. ಕಠೋಪನಿಷತ್ತಿನಲ್ಲಿ ದೇಹವನ್ನು ರಥಕ್ಕೂ ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿದ್ದು ಎಲ್ಲರಿಗೂ ಗೊತ್ತಿದೆ. ಅಂತೂ ಮನುಷ್ಯನು ತನ್ನನ್ನು ತಾನು ತಡೆದುಕೊಳ್ಳುವ ವಿಷಯ ಬಂದಾಗಲೆಲ್ಲ ಒಂದು ಪ್ರಾಣಿಯನ್ನು ಎದುರಿಗೆ ತಂದು ನಿಲ್ಲಿಸಿದ್ದಾನೆ.

ಇನ್ನು ಕೆಲವು ಮಾತುಗಳು ಕಚೇರಿಯಿಂದ ಬಂದವು. ಹದ್ದುಬಸ್ತು, ಬಂದೋಬಸ್ತು, ತಾಬೆ: ಇವೆಲ್ಲ ಅಮಲ್ದಾರರ, ಕುಲಕರ್ಣಿಗಳ ದಫ್ತರದ ಮಾತುಗಳು, ಅರಬ್ಬಿ ಪಾರಸಿಗಳಿಂದ ಹೊರಟು ರಾಜ್ಯಭಾರದ ದಾರಿಯಾಗಿ ನಮ್ಮಲ್ಲಿಗೆ ಬಂದವು. ಹದ್ದು ಎಂದರೆ ಎಲ್ಲೆ. ಹೊಲದ ಎಲ್ಲೆಗೆ ಕಲ್ಲು ನೆಟ್ಟಂತೆ ಮಗನ ನಡತೆಗೂ ಕಲ್ಲು ನೆಡುವುದು. ಹತೋಟಿಯ ಸಂಗತಿಯಂತೂ ಮುಂಬಯಿಯ ಕನ್ನಡಿಗರಿಗೆ ಸ್ವಾರಸ್ಯವಾಗಿದೆ. ಮರಾಠಿಯಲ್ಲಿ ‘ಹಾತೋಟಿ’ ಎಂದರೆ ಕೈಚಳಕ. ನಮ್ಮ ಚಾಳಿನಲ್ಲಿ ಎದುರುಮನೆಯ ಮಾವಶಿಯೊಬ್ಬರು ನನ್ನ ಅಕ್ಕನ ಕಸೂತಿಯನ್ನು ನೋಡಿ, ಇವಳಿಗೆ ಒಳ್ಳೆಯ ಹಾತೋಟಿ ಇದೆ ಎಂದಾಗ ನನ್ನ ಅಮ್ಮನು, ಮಗಳು ಹತೋಟಿಯಲ್ಲಿದ್ದಾಳೆಂದು ಹೊಗಳಿದರೆಂದೇ ತಿಳಿದು ಸಂತೋಷಪಟ್ಟಿದ್ದಳು. ಅಕ್ಕನು ಯಾರ ಹತೋಟಿಯಲ್ಲಿಯೂ ಇರಲಿಲ್ಲವೆಂಬುದು ಬೇರೆ ಮಾತು.

ಈ ಲಾಯಕ್ಕೂ ಈ ಕಚೇರಿಗೂ ಸೇರದೆ ನಿಂತಿರುವುದು ಅಂಕೆ.

ಇದು ಸಂಸ್ಕೃತದ ‘ಅಂಕ’ ಶಬ್ದದಿಂದ ಬಂದದ್ದು. ಅಂಕವೆಂದರೆ ಮೂಲದಲ್ಲಿ ಬಾಗಿದ್ದು, ಕೊಕ್ಕೆ. ಆನೆಯ ಅಂಕುಶವು ಅದೇ ಬಳಗದ್ದು. ಬಾಗಿದ್ದರಿಂದ ತೊಡೆಗೂ ಮಡಿಲಿಗೂ ಆ ಹೆಸರಾಯಿತು. ಮಗುವು ತಾಯಿಯ ಅಂಕದಲ್ಲಿ ಕುಳಿತಿದೆ ಎಂದು ಹಳಬರು ಬರೆಯುತ್ತಿದ್ದರು. ಕೊಕ್ಕೆಯಂತೆ ಗೀಚಿದ ಗುರುತಿಗೂ ಅದೇ ಹೆಸರು. ಗುರುತಿನಿಂದ ಸಂಖ್ಯೆ, ನಾಟಕದ ಭಾಗ, ಬಿರುದು, ಹೀಗೆ ಒಂದೊಂದಾಗಿ ಕವಲುಗಳೊಡೆದವು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ‘ವಿಕ್ರಮಾಂಕ’ನೆನಿಸಿದ್ದು ಪರಾಕ್ರಮವೇ ಅವನ ಗುರುತಾದ್ದರಿಂದ. ಕಾಶ್ಮೀರದಿಂದ ಅವನ ಆಸ್ಥಾನಕ್ಕೆ ಬಂದ ಬಿಲ್ಹಣನು ತನ್ನ ಕಾವ್ಯಕ್ಕೆ ‘ವಿಕ್ರಮಾಂಕದೇವಚರಿತ’ ಎಂದೇ ಹೆಸರಿಟ್ಟನು.

ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ವೆಂಬ ದೊಡ್ಡ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು. ಅರಸನ ಊಟದಿಂದ ಆನೆಗಳ ವೈದ್ಯದವರೆಗೆ ಅದರಲ್ಲಿಲ್ಲದ ವಿಷಯವಿಲ್ಲ. ವಿನೋದಗಳ ಭಾಗದಲ್ಲಿ ‘ಅಂಕವಿನೋದ’ ಎಂಬುದೂ ಒಂದು. ಅಂಕವೆಂದರೆ ಅಲ್ಲಿ ಇಬ್ಬರು ವೀರರ ದ್ವಂದ್ವಯುದ್ಧ. ಹಾಗೆ ಕಾದುವವನಿಗೆ ಹಳಗನ್ನಡದಲ್ಲಿ ಅಂಕಕಾರನೆಂದು ಹೆಸರು. ಅದಾದ ಮೇಲೆ ಮಲ್ಲರ ಕುಸ್ತಿ, ಕೋಳಿಗಳ ಕಾಳಗ ಮುಂತಾದುವು ಬರುತ್ತವೆ. ಇಂದಿಗೂ ಮಂಗಳೂರಿನ ಕಡೆಯಲ್ಲಿ ಕೋಳಿಕಾಳಗಕ್ಕೆ ‘ಕೋಳಿ ಅಂಕ’ವೆನ್ನುತ್ತಾರೆ, ನಮ್ಮ ಕುಂದಾಪುರದ ಕಡೆಯವರು ಕೋಳಿಪಡೆ ಎಂದರೂ ಅಂಕವೆಂದರೆ ತಿಳಿಯದವರಿಲ್ಲ. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ಅರಮನೆಯ ಅಂಗಳದಲ್ಲಿದ್ದ ಮಾತು ಗದ್ದೆಯ ಬದುವಿನ ಮೇಲೆ ಹೀಗೆ ಉಳಿದುಕೊಂಡಿದೆ. ಸಿಕ್ಕಸಿಕ್ಕಲ್ಲಿ ಹೊಡೆದಾಡಿದರೆ ಅದು ಬರಿಯ ಜಗಳ. ಗೊತ್ತಾದ ಸ್ಥಳದಲ್ಲಿ, ನೋಡುವವರ ಎದುರಿಗೆ, ಕಟ್ಟಳೆಗೆ ಒಳಪಟ್ಟು ಕಾದಿದರೆ ಮಾತ್ರ ಅಂಕ.

ಗುರುತು ಹತೋಟಿಯಾದದ್ದು ಹೇಗೆಂಬುದಕ್ಕೆ ‘ಅಂಕಿತ’ ಎಂಬ ಮಾತು ಇನ್ನೂ ಸ್ಪಷ್ಟವಾದ ಸಾಕ್ಷಿ. ದನಕ್ಕೆ ಬರೆ ಹಾಕಿ ಗುರುತು ಮಾಡಿದರೆ ಅದು ಇಂಥವನದೆಂದಾಗುತ್ತದೆ; ಇಂಥವನದಾದರೆ ಅವನ ಮಾತಿನಲ್ಲಿರಬೇಕಾಗುತ್ತದೆ. ಮರಾಠಿಯಲ್ಲಿ ಇಂದಿಗೂ ‘ಅಂಕಿತ’ನೆಂದರೆ ಅಧೀನನಾದವನು, ಹೆಂಡತಿಯ ಮಾತು ಮೀರದ ಗಂಡನನ್ನು ನಮ್ಮ ನೆರೆಯವರು ಆ ಮಾತಿನಿಂದಲೇ ಕೀಟಲೆ ಮಾಡುತ್ತಾರೆ. ಕನ್ನಡದಲ್ಲಿ ಆ ಪದಕ್ಕೆ ಬೇರೊಂದು ಭಾಗ್ಯ ಬಂತು. ಬಸವಣ್ಣನವರ ವಚನಗಳು ಕೂಡಲಸಂಗಮದೇವನ ಹೆಸರಿನಲ್ಲಿ, ಅಲ್ಲಮನವು ಗುಹೇಶ್ವರನ ಹೆಸರಿನಲ್ಲಿ, ಅಕ್ಕಮಹಾದೇವಿಯವು ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ ಮುಗಿಯುತ್ತವೆ. ಪುರಂದರದಾಸರು ಪುರಂದರವಿಠಲನನ್ನು ಕರೆದು ಪದವನ್ನು ಮುಗಿಸುತ್ತಾರೆ. ಇದನ್ನೇ ಅಂಕಿತವೆಂದೆವು. ಬರೆದವನು ತನ್ನ ಹೆಸರನ್ನು ಹಾಕದೆ ತಾನು ಯಾರವನೋ ಅವನ ಹೆಸರನ್ನು ಹಾಕುವುದು: ತನ್ನ ಮಾತಿಗೆ ತಾನೇ ಒಂದು ಒಡೆತನವನ್ನು ಒಪ್ಪಿಕೊಂಡಂತೆ. ಇಂದು ಬೆಂಗಳೂರಿನಲ್ಲಿ ಮಸೂದೆಗೆ ರಾಜ್ಯಪಾಲರ ಅಂಕಿತ ಬಿತ್ತೆಂದು ಪತ್ರಿಕೆಗಳಲ್ಲಿ ಓದುವಾಗ ಈ ದೂರದ ನಂಟು ಯಾರಿಗೂ ನೆನಪಾಗುವುದಿಲ್ಲ. ಆಗಬೇಕೆಂದೂ ಇಲ್ಲ.

ಇಲ್ಲಿಗೆ ಒಂದು ದಾರಿಯಾಯಿತು: ಗುರುತು, ಗುರುತಿನಿಂದ ಒಡೆತನ, ಒಡೆತನದಿಂದ ಅಂಕೆ. ಇಷ್ಟೇ ಆಗಿದ್ದರೆ ಅಂಕೆಯೂ ಮೂಗುದಾರದ ತಮ್ಮನಾಗುತ್ತಿತ್ತು. ಆದರೆ ಇನ್ನೊಂದು ದಾರಿಯೂ ಇದೆ, ಅದು ಎಣಿಕೆಯದು. ನನಗೆ ಹೆಚ್ಚು ಪ್ರಿಯವಾದುದೂ ಅದೇ.

ಕನ್ನಡನಾಡಿನಲ್ಲಿ ಎಣಿಕೆಗೆ ದೊಡ್ಡ ಗೌರವವಿದ್ದ ಕಾಲವೊಂದಿತ್ತು. ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲೆಂದು ನಮಗೆಲ್ಲ ಹೆಮ್ಮೆ. ಅದೇ ದೊರೆಯ ಕಾಲದಲ್ಲಿ, ೮೫೦ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನೆಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಇವರಿಬ್ಬರೂ ಜೈನರು. ಜೈನಧರ್ಮವು ಗೃಹಸ್ಥನಿಗೆ ಹೇಳಿದ ಐದು ಅಣುವ್ರತಗಳಲ್ಲಿ ಕೊನೆಯದಕ್ಕೆ ಪರಿಗ್ರಹಪರಿಮಾಣವೆಂದು ಹೆಸರು. ಸನ್ಯಾಸಿಯು ಎಲ್ಲವನ್ನೂ ಬಿಡಬೇಕು; ಸಂಸಾರಿಗೆ ಅದು ಆಗದು. ಆದ್ದರಿಂದ ಅವನು ತನಗೆ ಇಷ್ಟು ಭೂಮಿ, ಇಷ್ಟು ಮನೆ, ಇಷ್ಟು ದನ, ಇಷ್ಟು ಚಿನ್ನ ಸಾಕೆಂದು ತಾನೇ ಒಂದು ಸಂಖ್ಯೆಯನ್ನು ಗೊತ್ತುಮಾಡಿಕೊಂಡು ಅದನ್ನು ದಾಟುವುದಿಲ್ಲವೆಂದು ವ್ರತ ತೊಡುತ್ತಾನೆ. ಇಲ್ಲಿ ಅಂಕಿಯೇ ಅಂಕೆ! ಹಗ್ಗ ಹಿಡಿಯುವ ಸಾರಥಿಯಿಲ್ಲ, ಬರೆ ಹಾಕುವ ಒಡೆಯನಿಲ್ಲ. ಎಣಿಸುವವನೂ ಅವನೇ, ನಿಲ್ಲುವವನೂ ಅವನೇ.

ಕುದುರೆಯ ಹಗ್ಗಕ್ಕೂ ಎಣಿಕೆಯ ವಿದ್ಯೆಗೂ ಇರುವ ಈ ಅಂತರವನ್ನು ಮಹಾಭಾರತದ ನಳೋಪಾಖ್ಯಾನದಷ್ಟು ಚೆನ್ನಾಗಿ ತೋರಿಸುವ ಕಥೆ ಬೇರೊಂದಿಲ್ಲ. ಕನಕದಾಸರ ‘ನಳಚರಿತ್ರೆ’ಯಿಂದಲೂ ಯಕ್ಷಗಾನದಿಂದಲೂ ನಳದಮಯಂತಿಯರು ನಮ್ಮ ಮನೆಯವರೇ ಆಗಿದ್ದಾರೆ. ಕಲಿಯು ಮೈಯಲ್ಲಿ ಹೊಕ್ಕು ನಳನು ಜೂಜಿನಲ್ಲಿ ರಾಜ್ಯವನ್ನೆಲ್ಲ ಸೋತನು. ರೂಪಗೆಟ್ಟು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಿಗೆ ಸಾರಥಿಯಾದನು. ಅವನಷ್ಟು ಕುದುರೆಗಳನ್ನು ಬಲ್ಲವನು ಲೋಕದಲ್ಲಿ ಇರಲಿಲ್ಲ. ವಿದರ್ಭಕ್ಕೆ ರಥ ಹಾರುವಂತೆ ಓಡುತ್ತಿರುವಾಗ ದಾರಿಯಲ್ಲಿ ಒಂದು ತಾರೆಯ ಮರ ಕಂಡಿತು. ಇದರ ಎಲೆ ಇಷ್ಟು, ಕಾಯಿ ಇಷ್ಟು ಎಂದು ಋತುಪರ್ಣನು ನೋಡಿದೊಡನೆ ಹೇಳಿದನು. ನಳನು ರಥ ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿತ್ತು. ಆಗ ಇಬ್ಬರೂ ವಿದ್ಯೆಗಳನ್ನು ಬದಲುಮಾಡಿಕೊಂಡರು: ನಳನು ಅಶ್ವಹೃದಯವನ್ನು ಕೊಡಲೊಪ್ಪಿದನು, ಋತುಪರ್ಣನು ಎಣಿಕೆಯೊಡನೆ ಅಕ್ಷಹೃದಯವನ್ನು ಕೊಟ್ಟನು. ಆ ಕ್ಷಣದಲ್ಲಿಯೇ ಕಲಿಯು ನಳನ ಮೈಯಿಂದ ಹೊರಬಿದ್ದನು.

ಕುದುರೆಗಳನ್ನು ಅಷ್ಟು ಬಲ್ಲ ನಳನಿಗೆ ತನ್ನ ಕೈಯನ್ನು ತಡೆಯಲಾಗಿರಲಿಲ್ಲ. ಕಡಿವಾಣದ ವಿದ್ಯೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಆ ಕಾಲದಲ್ಲಿ ಜೂಜಾಡುತ್ತಿದ್ದುದು ತಾರೆಕಾಯಿಗಳಿಂದಲೇ ಎಂಬುದನ್ನು ನೆನೆದರೆ ಕಥೆಯ ಚಮತ್ಕಾರ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಯಾವುದು ಅವನನ್ನು ಕೆಡಿಸಿತೋ ಅದನ್ನೇ ಎಣಿಸಲು ಕಲಿತು ಅವನು ಉಳಿದನು. ಇಷ್ಟಾದ ಮೇಲೆ ನಳನು ಜೂಜನ್ನು ಬಿಟ್ಟನೇ? ಇಲ್ಲ, ಮತ್ತೊಮ್ಮೆ ಆಡಿಯೇ ರಾಜ್ಯವನ್ನು ಗೆದ್ದುಕೊಂಡನು. ಅಂಕೆಯೆಂದರೆ ಬಿಡುವುದಲ್ಲ, ಎಲ್ಲಿಗೆ ನಿಲ್ಲಬೇಕೆಂಬುದನ್ನು ತಿಳಿದಿರುವುದು.

ಗಾದೆಗಳಲ್ಲಿ ಅಂಕೆಯ ಮಾತು ಸ್ವಲ್ಪ ಒರಟಾಗಿದೆ. ‘ಅಂಕೆಯಿಲ್ಲದ ಚತುರೆ, ಲಗಾಮಿಲ್ಲದ ಕುದುರೆ’ ಎಂದು ಹೆಣ್ಣುಮಕ್ಕಳನ್ನು ಮತ್ತೆ ಲಾಯಕ್ಕೆ ಅಟ್ಟಿದ್ದಾರೆ. ಚತುರನ ವಿಷಯದಲ್ಲಿ ಗಾದೆ ಕಟ್ಟಿದವನು ಮೌನ. ‘ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು’ ಎಂಬುದು ಪ್ರಾಸಕ್ಕೆ ಚೆಂದ, ನ್ಯಾಯಕ್ಕೆ ಅಲ್ಲ. ರಾಮಾಯಣದಲ್ಲಿ ಹನುಮಂತನಷ್ಟು ಅಂಕೆಯಲ್ಲಿದ್ದವನು ಯಾರು? ಬಾಲಕ್ಕೆ ಬೆಂಕಿ ಹಚ್ಚಿದವರು ರಾವಣನ ಕಡೆಯವರು. ಇರಲಿ. ನನಗೆ ಇಷ್ಟವಾದುದು ‘ಅಂಕೆ ಶಂಕೆಯಿಲ್ಲದೆ’ ಎಂಬ ಜೋಡುಮಾತು. ಶಂಕೆಯೆಂದರೆ ಒಳಗಿನ ಅಳುಕು. ಹೊರಗಿನ ಮೇರೆಯೂ ಒಳಗಿನ ಅಳುಕೂ ಎರಡೂ ಹೋದವನನ್ನು ಮಾತ್ರ ನಮ್ಮವರು ಕೈಬಿಡುತ್ತಿದ್ದರು. ಒಂದು ಉಳಿದಿದ್ದರೂ ಆಸೆಯಿರುತ್ತಿತ್ತು.

ಇನ್ನು ಮುಂಬಯಿಗೆ ಬರೋಣ. ಈ ಊರಿನಲ್ಲಿ ಅಂಕೆಯನ್ನು ಬದಿಗೆ ಸರಿಸಿ ಅದರ ಸ್ಥಾನದಲ್ಲಿ ಕುಳಿತ ಪದವೆಂದರೆ ಕಂಟ್ರೋಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯಕ್ಕೆ ತತ್ವಾರವಾಗಿ ೧೯೪೩ರಲ್ಲಿ ಮುಂಬಯಿಯಲ್ಲಿ ರೇಷನ್ ಪದ್ಧತಿ ಬಂತು. ಕಂಟ್ರೋಲಿನ ಅಂಗಡಿ, ಕಂಟ್ರೋಲಿನ ಅಕ್ಕಿ, ಕಂಟ್ರೋಲಿನ ಸೀರೆ ಎಂಬ ಮಾತುಗಳು ಇಲ್ಲಿಯೂ ಊರಿನಲ್ಲಿಯೂ ಮನೆಮಾತಾದವು. ಈ ಪದದ ಹುಟ್ಟನ್ನು ಹುಡುಕಿದರೆ ಒಂದು ಆಶ್ಚರ್ಯ ಕಾದಿದೆ. ಯುರೋಪಿನಲ್ಲಿ ಲೆಕ್ಕವನ್ನು ತಾಳೆ ನೋಡುವುದಕ್ಕಾಗಿ ಇಡುತ್ತಿದ್ದ ಎರಡನೆಯ ಖಾತೆಯ ಸುರುಳಿಗೆ ಲ್ಯಾಟಿನಿನಲ್ಲಿ ‘ಕೋಂಟ್ರಾರೊಟುಲುಸ್’ ಎನ್ನುತ್ತಿದ್ದರು, ಅಂದರೆ ಪ್ರತಿಸುರುಳಿ. ಅದು ಫ್ರೆಂಚ್ ಭಾಷೆಯನ್ನು ಹಾದು ಇಂಗ್ಲಿಷಿನಲ್ಲಿ ಕಂಟ್ರೋಲ್ ಆಯಿತು. ಅದೂ ಲೆಕ್ಕದ ಪುಸ್ತಕದಲ್ಲಿ ಹುಟ್ಟಿದ ಹತೋಟಿಯೇ! ಒಂದನ್ನೊಂದು ಕಾಣದ ಎರಡು ನಾಡುಗಳಲ್ಲಿ ಮನುಷ್ಯರು ಒಂದೇ ರೀತಿ ಯೋಚಿಸಿದ್ದರೆಂದಾಯಿತು. ಭೇದವಿಷ್ಟೇ: ಕಂಟ್ರೋಲಿನ ಖಾತೆಯನ್ನು ಇನ್ನೊಬ್ಬನು ಇಡುತ್ತಾನೆ.

ತಾನೇ ಇಟ್ಟ ಖಾತೆಯ ಒಂದು ನಿದರ್ಶನ ನನಗೆ ನೆನಪಿದೆ. ೧೯೬೫ರಲ್ಲಿ ಯುದ್ಧವೂ ಧಾನ್ಯದ ಕೊರತೆಯೂ ಒಟ್ಟಿಗೆ ಬಂದಾಗ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ವಾರಕ್ಕೆ ಒಂದು ಹೊತ್ತಿನ ಊಟವನ್ನು ಬಿಡಿರೆಂದು ಜನರನ್ನು ಕೇಳಿಕೊಂಡರು. ದೇಶದ ಎಷ್ಟೋ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. ನನ್ನ ಅಪ್ಪಯ್ಯನು ಕುರ್ಲಾದ ಗಿರಣಿಯೊಂದರ ಬಾಗಿಲಿನ ಎದುರಿಗಿದ್ದ ಹೋಟೆಲಿನಲ್ಲಿ ದುಡಿಯುತ್ತಿದ್ದನು. ಊರಿನಿಂದ ಮಾಣಿಯಾಗಿ ಬಂದು ಗಲ್ಲಾದ ಮೇಲೆ ಕೂರುವವರೆಗೆ ಏರಿದ್ದನು. ಸೋಮವಾರ ಸಂಜೆ ಅವನು ಮನೆಯಲ್ಲಿರುತ್ತಿದ್ದದ್ದು ನಮಗೆ ಹಬ್ಬ. ಅಮ್ಮ ಒಲೆ ಹೊತ್ತಿಸುತ್ತಿರಲಿಲ್ಲ. ಹಸಿವಾಗುತ್ತಿತ್ತು, ನಿಜ, ಆದರೆ ಯಾರೂ ನಮ್ಮನ್ನು ತಡೆದಿದ್ದಾರೆಂದು ಅನಿಸಲಿಲ್ಲ.

ಆ ಕಾಲದ ಕುರ್ಲಾವನ್ನು ಇಂದಿನವರಿಗೆ ಹೇಗೆ ತೋರಿಸಲಿ? ೧೯೨೫ರ ಫೆಬ್ರವರಿ ೩ರಂದು ದೇಶದ ಮೊದಲನೆಯ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹೊರಟು ಬಂದು ನಿಂತದ್ದು ಇಲ್ಲಿ. ಜಮ್‌ಶೆಟ್‌ಜಿ ಟಾಟಾ ೧೮೮೬ರಲ್ಲಿ ಕೊಂಡು ಸ್ವದೇಶಿ ಎಂದು ಹೆಸರಿಟ್ಟ ಗಿರಣಿ ಇಲ್ಲಿತ್ತು. ಮೋಟಾರು ಕಾರಿನ ಕಾರಖಾನೆಯೂ ಇತ್ತು. ಗಿರಣಿಯ ಭೋಂಗಾ ಕೂಗಿದರೆ ನಮ್ಮ ಚಾಳಿನ ದಿನ ಹೊರಳುತ್ತಿತ್ತು. ಪಾಳಿ ಮುಗಿಸಿ ಬಂದವರ ಬಾಯಲ್ಲಿ ಸಂಜೆಯ ಹೊತ್ತಿಗೆ ಒಂದೇ ಪ್ರಶ್ನೆ: “ಕಾಯ್ ಆಲಾ?” ಏನು ಬಂತು? ಕೇಳುತ್ತಿದ್ದುದು ಮಳೆಯ ವಿಷಯವಲ್ಲ, ಊರಿನ ಪತ್ರದ ವಿಷಯವೂ ಅಲ್ಲ, ಆಕಡಾ.

ಆಕಡಾ ಎಂದರೆ ಮರಾಠಿಯಲ್ಲಿ ಅಂಕೆ. ನ್ಯೂಯಾರ್ಕಿನ ಹತ್ತಿಯ ಪೇಟೆಯಲ್ಲಿ ದಿನದ ಮೊದಲ ದರ, ಕೊನೆಯ ದರ ಏನೆಂಬುದು ತಂತಿಯ ಮೂಲಕ ಮುಂಬಯಿಯ ಹತ್ತಿಪೇಟೆಗೆ ಬರುತ್ತಿತ್ತು. ಆ ದರದ ಅಂಕೆಗಳ ಮೇಲೆ ಪಣ ಕಟ್ಟುವ ಜೂಜಿಗೆ ಅದೇ ಹೆಸರು ಬಿತ್ತು. ೧೯೬೧ರಲ್ಲಿ ನ್ಯೂಯಾರ್ಕಿನವರು ಆ ಪದ್ಧತಿಯನ್ನು ನಿಲ್ಲಿಸಿದರು. ಜೂಜು ನಿಲ್ಲಲಿಲ್ಲ. ೧೯೬೨ರಲ್ಲಿ ಕಲ್ಯಾಣ್‌ಜಿ ಭಗತ್, ೧೯೬೪ರಲ್ಲಿ ರತನ್ ಖತ್ರಿ ಎಂಬವರು ಹತ್ತಿಯೇ ಇಲ್ಲದ ಆಕಡಾವನ್ನು ಆರಂಭಿಸಿದರು. ಮಡಕೆಯಿಂದ ಚೀಟಿ ತೆಗೆಯುತ್ತಿದ್ದುದರಿಂದ ಅದು ಮಟಕಾ ಎನಿಸಿತು. ಮುಂದೆ ಚೀಟಿಯ ಬದಲು ಇಸ್ಪೀಟಿನ ಎಲೆ ಬಂತು. ರಾತ್ರಿ ಮೂರು ಎಲೆ ತೆಗೆದು ಕೂಡುವುದು, ೨, ೫, ೯ ಬಂದರೆ ೧೬, ಕೊನೆಯ ಅಂಕೆ ೬, ಇದು ಓಪನ್. ನಡುರಾತ್ರಿಯ ಹೊತ್ತಿಗೆ ಇನ್ನೊಮ್ಮೆ, ಅದು ಕ್ಲೋಸ್. ನಮ್ಮ ಊರಿನ ಕಡೆ ಇದೇ ಜೂಜು ಓಸಿ ಎಂದಾಯಿತು. ಒಂದು ಅಂಕೆ ಹಿಡಿದವನಿಗೆ ಒಂದಕ್ಕೆ ಒಂಬತ್ತು, ಜೋಡಿ ಹಿಡಿದವನಿಗೆ ತೊಂಬತ್ತು. ಅಂಕೆಗಳು ಹತ್ತು, ಜೋಡಿಗಳು ನೂರು. ಮೂರನೆಯ ತರಗತಿಯ ಹುಡುಗನೂ ಲೆಕ್ಕ ಹಾಕಬಹುದು: ದೀರ್ಘಕಾಲದಲ್ಲಿ ರೂಪಾಯಿಗೆ ಹತ್ತು ಪೈಸೆ ಆಡಿಸುವವನ ಚೀಲಕ್ಕೆ. ೧೮೮೭ರಿಂದಲೂ ಮುಂಬಯಿಯಲ್ಲಿ ಜೂಜನ್ನು ತಡೆಯುವ ಕಾಯದೆ ಇತ್ತು. ಇಷ್ಟಿದ್ದೂ ಗಿರಣಿಗಳ ಊರಿನಲ್ಲಿ ಸಂಬಳದ ದಿನ ಚೀಟಿ ಬರೆಯುವವನು ಗೇಟಿನ ಬಳಿಯೇ ನಿಲ್ಲುತ್ತಿದ್ದನು. ೧೯೮೨ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಆರಂಭವಾಗಿ, ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಆಕಡಾದ ಭರಾಟೆಯೂ ಕುಗ್ಗಿತು. ಎಣಿಸಲು ಸಂಬಳವೇ ಇಲ್ಲವಾಯಿತಲ್ಲ.

ಅಂಕೆಯೆಂದರೆ ಹತೋಟಿಯೆಂದು ತಿಳಿದ ಭಾಷೆಯ ಜನರು ಅಂಕೆಯಿಂದಲೇ ಅಂಕೆ ತಪ್ಪಿದರು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ನನ್ನ ಅಪ್ಪಯ್ಯನೂ ಆಡುತ್ತಿದ್ದನು. ಹಗಲೆಲ್ಲ ಪರರ ಹಣವನ್ನು ಒಂದು ಪೈಸೆ ತಪ್ಪದಂತೆ ಎಣಿಸಿ ಕೊಟ್ಟವನು ರಾತ್ರಿ ತನ್ನ ಹಣವನ್ನು ಎಣಿಸುತ್ತಿರಲಿಲ್ಲ. ಕನಸಿನಲ್ಲಿ ಹಾವು ಕಂಡರೆ ಒಂದು ಅಂಕೆ, ಊರಿನಿಂದ ಸಾವಿನ ಸುದ್ದಿ ಬಂದರೆ ಇನ್ನೊಂದು. ನನ್ನ ಶಾಲೆಯ ಫೀ ಎರಡು ಸಲ ತಪ್ಪಿತು. ಅಕ್ಕನ ಮದುವೆಗೆಂದು ಅಂಚೆಕಚೇರಿಯಲ್ಲಿ ಇಟ್ಟದ್ದೂ ಹೋಯಿತು.

ಅಮ್ಮನಿಗೆ ಓದುಬರಹ ಬರುತ್ತಿರಲಿಲ್ಲ, ಆದರೆ ಅಂಕೆಗಳು ಬರುತ್ತಿದ್ದವು. ಹಾಲಿನ ಭಯ್ಯಾ ಕೊಟ್ಟ ಹಾಲಿನ ಲೆಕ್ಕವನ್ನು ಖೋಲಿಯ ಬಾಗಿಲಿನ ಹಿಂದೆ ಇದ್ದಲಿನಿಂದ ಗೆರೆ ಎಳೆದು ಇಡುತ್ತಿದ್ದಳು. ಒಂದು ದಿನ ಹಾಲಿನ ಗೆರೆಗಳ ಪಕ್ಕದಲ್ಲಿ ಇನ್ನೊಂದು ಸಾಲು ಆರಂಭವಾದದ್ದನ್ನು ನಾನು ಕಂಡೆ. ಅಪ್ಪಯ್ಯನು ಅಂಗಿ ಕಳಚಿಟ್ಟಾಗ ಕಿಸೆಯಲ್ಲಿ ಸಿಕ್ಕ ಚೀಟಿಯ ಮೊತ್ತವನ್ನು ಅವಳು ಅಲ್ಲಿ ಬರೆಯುತ್ತಿದ್ದಳು. ಗೆದ್ದ ದಿನ ಗೆದ್ದದ್ದನ್ನೂ ಬರೆದಳು. ಆ ವಿಷಯದಲ್ಲಿ ಅನ್ಯಾಯ ಮಾಡಲಿಲ್ಲ. ಜಗಳವಿಲ್ಲ, ಕಣ್ಣೀರಿಲ್ಲ, ನೆರೆಯವರಿಗೆ ತಿಳಿಸಿದ್ದೂ ಇಲ್ಲ. ಸುಮಾರು ಒಂದು ವರ್ಷ ಹೀಗೆ ನಡೆದು ಸಾಲು ನೆಲಕ್ಕೆ ಮುಟ್ಟಿತು. ದೀಪಾವಳಿಯ ಹಿಂದಿನ ದಿನ, ಮರುದಿನ ಸುಣ್ಣ ಬಳಿಯುವವನು ಬರುವವನಿದ್ದನು, ಬಾಗಿಲನ್ನು ಮುಂದಕ್ಕೆಳೆದು, “ಹ್ವಾಯ್, ಇಕಣಿ. ಇಷ್ಟ್ ಆಯ್ತ್ ಕಾಣಿ” ಎಂದಷ್ಟೇ ಹೇಳಿ ಅಡಿಗೆಗೆ ಹೋದಳು.

ಅಪ್ಪಯ್ಯನು ಆ ಗೋಡೆಯ ಮುಂದೆ ಬಹಳ ಹೊತ್ತು ಕುಳಿತನು. ಲೆಕ್ಕದ ಮನುಷ್ಯ, ತಪ್ಪು ಹುಡುಕುತ್ತಾನೆಂದು ನಾನು ತಿಳಿದೆ. ಎರಡು ಸಲ ಮೇಲಿನಿಂದ ಕೆಳಕ್ಕೆ ಬೆರಳು ಆಡಿಸಿ ಕೂಡಿದನು. ಆಮೇಲೆ ಅವನು ಜೂಜನ್ನು ಬಿಟ್ಟನೆಂದು ಬರೆದರೆ ಸುಳ್ಳಾದೀತು. ಶನಿವಾರಕ್ಕೆ ಎಂಟಾಣೆ ಎಂದು ಗೊತ್ತುಮಾಡಿಕೊಂಡನು. ಆ ಎಂಟಾಣೆಯನ್ನು ಬೆಳಗ್ಗೆಯೇ ಬೇರೆ ಕಿಸೆಯಲ್ಲಿಟ್ಟು ಅಮ್ಮನಿಗೆ ತೋರಿಸಿಯೇ ಹೊರಡುತ್ತಿದ್ದನು. ಸಾಯುವವರೆಗೂ ಅದು ಎಂಟಾಣೆಯೇ ಆಗಿತ್ತು. ಕೊನೆಯ ವರ್ಷಗಳಲ್ಲಿ ಅಷ್ಟು ಸಣ್ಣ ಪಣವನ್ನು ಬರೆದುಕೊಳ್ಳುವವರೇ ಇಲ್ಲವಾಗಿ ನಾಣ್ಯವು ಕಿಸೆಯಲ್ಲಿಯೇ ಮರಳಿ ಬರುತ್ತಿತ್ತು.

ಈ ಕಥೆಯನ್ನು ಮೊಮ್ಮಗನಿಗೆ ಹೇಳಿದೆನು. ಅವನು ಎಲ್ಲವನ್ನೂ ಕೇಳಿ, “ಗೋಡೆಯ ಮೇಲಿದ್ದ ಟೋಟಲ್ ಎಷ್ಟು ಅಜ್ಜಯ್ಯ?” ಎಂದನು. ನನಗೆ ಗೊತ್ತಿಲ್ಲ. ಮರುದಿನ ಸುಣ್ಣ ಬಿತ್ತು. ಆ ಚಾಳು ಇದ್ದಲ್ಲಿ ಈಗ ಇಪ್ಪತ್ತೆರಡು ಮಾಳಿಗೆಯ ಕಟ್ಟಡವಿದೆ. ಆ ಮೊತ್ತವನ್ನು ಅಮ್ಮನೂ ಅಪ್ಪಯ್ಯನೂ ನಮ್ಮ ಯಾರ ಮುಂದೆಯೂ ಎಂದೂ ಹೇಳಲಿಲ್ಲ.